ಆಧಾರ್ ಜೆರಾಕ್ಸ್, ಹೆಬ್ಬೆಟ್ಟು, ಮೊಬೈಲ್ ನಂಬರ್: ಯಾರಿಗೆ ಎಷ್ಟು ಕೊಡಬೇಕು? ಗ್ರಾಹಕರಿಗೂ ಅಂಗಡಿಯವರಿಗೂ ಗೊತ್ತಿರಬೇಕಾದ ಮಾಹಿತಿ

ಸಿಮ್ ತಗೊಳ್ಳೋಕೆ ಆಧಾರ್, ಲಾಡ್ಜ್‌ನಲ್ಲಿ ರೂಮಿಗೆ ಆಧಾರ್, ಬೈಕ್ ಫೈನಾನ್ಸ್‌ಗೆ ಆಧಾರ್, ಸೊಸೈಟಿ ಸಾಲಕ್ಕೆ ಆಧಾರ್. ಒಂದು ವರ್ಷದಲ್ಲಿ ನಮ್ಮ ಆಧಾರ್ ಜೆರಾಕ್ಸ್ ಎಷ್ಟು ಕಡೆ ಹೋಗಿದೆ ಅಂತ ಲೆಕ್ಕ ಇಟ್ಟವರು ಕಡಿಮೆ. ಕೊಟ್ಟವರು ಪರಿಚಯದವರೇ ಇರ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಕಾಗದ, ಆ ಫೋಟೊ ಅವರ ಕೈಯಲ್ಲೇ ಉಳಿಯುತ್ತೆ ಅಂತ ಹೇಳೋಕಾಗಲ್ಲ. ರದ್ದಿಗೆ ಹೋಗಬಹುದು, ಕಂಪ್ಯೂಟರ್‌ನಲ್ಲಿ ವರ್ಷಗಟ್ಟಲೆ ಬಿದ್ದಿರಬಹುದು, ಕೆಲಸ ಬಿಟ್ಟು ಹೋದ ಹುಡುಗನ ಮೊಬೈಲ್‌ನಲ್ಲಿ ಇರಬಹುದು. ನಾವು ನಂಬೋದು ಮನುಷ್ಯನನ್ನ, ಕಾಗದ ಮಾತ್ರ ಕೈಯಿಂದ ಕೈಗೆ ಹೋಗ್ತಾ ಇರುತ್ತೆ.

ಇದರಿಂದ ಏನು ನಷ್ಟ ಅನ್ನೋರಿಗೆ ಉತ್ತರ ಸರಳ. ಗೃಹಲಕ್ಷ್ಮಿಯ 2,000 ರೂಪಾಯಿ, ಸಂಧ್ಯಾ ಸುರಕ್ಷಾ ಪಿಂಚಣಿ, ಹಾಲಿನ ಬಟವಾಡೆ, ಇವೆಲ್ಲ ಬಂದು ಬೀಳೋ ಖಾತೆಗಳು ಆಧಾರ್‌ಗೆ ಜೋಡಣೆಯಾಗಿವೆ. ಆ ಖಾತೆಯಿಂದ ಹಣ ತೆಗೆಯೋಕೆ ಓಟಿಪಿ ಬೇಕಿಲ್ಲದ ದಾರಿಯೊಂದು ಇದೆ. ಅದನ್ನ ಮೊದಲು ತಿಳ್ಕೊಳ್ಳೋಣ.

ಓಟಿಪಿ ಇಲ್ಲದೆ ಹಣ ಹೋಗೋದು ಹೇಗೆ?

ಈ ವ್ಯವಸ್ಥೆಯ ಹೆಸರು ಎಇಪಿಎಸ್. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ನಡೆಸೋದು ಎನ್‌ಪಿಸಿಐ, ಅಂದ್ರೆ ಯುಪಿಐ ನಡೆಸುವ ಸಂಸ್ಥೆಯೇ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರು ಚಿಕ್ಕ ಮಿಷನ್ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡ್ತಾರಲ್ಲ, ಅದೇ ಇದು. ಬ್ಯಾಂಕಿಗೆ ಹತ್ತಿಪ್ಪತ್ತು ಕಿಲೋಮೀಟರ್ ಹೋಗಬೇಕಾದ ವಯಸ್ಸಾದವರಿಗೆ ಇದರಿಂದ ತುಂಬ ಅನುಕೂಲ ಆಗಿದೆ. ಅದು ಸುಳ್ಳಲ್ಲ.

ಇದಕ್ಕೆ ಬೇಕಾಗಿರೋದು ಮೂರೇ: ಯಾವ ಬ್ಯಾಂಕ್ ಅನ್ನೋದು, ಆಧಾರ್ ನಂಬರ್, ಬೆರಳಚ್ಚು. ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೀಬಹುದು. ಹಾಗಾಗಿ ಆಧಾರ್ ನಂಬರ್ ಮತ್ತು ಬೆರಳಚ್ಚಿನ ನಕಲು ಎರಡೂ ಒಬ್ಬ ಕಳ್ಳನ ಕೈಗೆ ಸಿಕ್ಕರೆ, ಅವನು ಎಲ್ಲೋ ಬೇರೆ ರಾಜ್ಯದಲ್ಲಿ ಕೂತು ನಮ್ಮ ಖಾತೆಗೆ ಕೈ ಹಾಕಬಹುದು.

ಇದು ಬರೀ ಹೆದರಿಸೋ ಮಾತಲ್ಲ. 2023ರಲ್ಲಿ ಬೆಂಗಳೂರು ಪೊಲೀಸರಿಗೆ ಇಂಥ ದೂರುಗಳು ಸಾಲಾಗಿ ಬಂದವು. ಸೈಟು, ಜಮೀನು ನೋಂದಣಿ ಮಾಡಿಸಿದವರ ಖಾತೆಯಿಂದ ಹಣ ಹೋಗಿತ್ತು. ತನಿಖೆಯಲ್ಲಿ ಕಂಡದ್ದು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಸಿಗುವ ಕ್ರಯಪತ್ರದ ಪ್ರತಿಯಲ್ಲಿದ್ದ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ್ ನಂಬರನ್ನೇ ವಂಚಕರು ಬಳಸಿದ್ದರು. ಆಮೇಲೆ ಆ ದಾಖಲೆಗಳಲ್ಲಿ ಬೆರಳಚ್ಚು ಕಾಣದಂತೆ ಮಾಡಲು ಇಲಾಖೆ ಕ್ರಮ ತೆಗೆದುಕೊಂಡಿತು. ಹಣ ಕಳೆದುಕೊಂಡವರು ಯಾರಿಗೂ ಓಟಿಪಿ ಹೇಳಿರಲಿಲ್ಲ, ಯಾವ ಲಿಂಕೂ ಒತ್ತಿರಲಿಲ್ಲ. ಇಲ್ಲಿ ಗಮನಿಸಬೇಕಾದ್ದು ಅದೇ.

ಪಾಸ್‌ವರ್ಡ್ ಕಳವಾದರೆ ಬದಲಾಯಿಸಬಹುದು. ಹೆಬ್ಬೆಟ್ಟು ಬದಲಾಯಿಸೋಕಾಗಲ್ಲ. ಅದಕ್ಕೆ ಬೀಗ ಮಾತ್ರ ಹಾಕಬಹುದು.

ಬಯೋಮೆಟ್ರಿಕ್ ಲಾಕ್: ಹೆಬ್ಬೆಟ್ಟಿಗೆ ಬೀಗ

ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯೇ ಈ ಸೌಲಭ್ಯ ಕೊಟ್ಟಿದೆ. ದುಡ್ಡು ಕಟ್ಟೋ ಹಾಗಿಲ್ಲ.

- ಮೈ ಆಧಾರ್ ಪೋರ್ಟಲ್ ಅಥವಾ ಯುಐಡಿಎಐನ ಆ್ಯಪ್ ತೆಗೆಯಿರಿ.
- ಆಧಾರ್ ನಂಬರ್ ಹಾಕಿ, ನೋಂದಾಯಿತ ಮೊಬೈಲ್‌ಗೆ ಬರೋ ಓಟಿಪಿ ಹಾಕಿ ಒಳಗೆ ಹೋಗಿ.
- ಲಾಕ್, ಅನ್‌ಲಾಕ್ ಬಯೋಮೆಟ್ರಿಕ್ಸ್ ಅನ್ನೋ ಆಯ್ಕೆ ಒತ್ತಿ ಲಾಕ್ ಮಾಡಿ.

ಲಾಕ್ ಆದ ಮೇಲೆ ನಿಮ್ಮ ಬೆರಳಚ್ಚನ್ನ ಯಾರೇ, ಎಲ್ಲೇ ಬಳಸಿದರೂ ಅದು ನಡೆಯಲ್ಲ. ನೀವೇ ಬೆರಳಿಟ್ಟರೂ ನಡೆಯಲ್ಲ. ಬೇಕಾದಾಗ ಅದೇ ಜಾಗದಲ್ಲಿ ತಾತ್ಕಾಲಿಕವಾಗಿ ತೆಗೆದು, ಕೆಲಸ ಮುಗಿಸಬಹುದು. ಸ್ವಲ್ಪ ಹೊತ್ತಾದ ಮೇಲೆ ಅದು ತಾನಾಗೇ ಮತ್ತೆ ಲಾಕ್ ಆಗುತ್ತೆ.

ಒಂದು ತೊಂದರೆ ಹೇಳಲೇಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ರೇಷನ್‌ಗೆ ಹೆಬ್ಬೆಟ್ಟು ಕೊಡೋರಿಗೆ ಲಾಕ್ ಇದ್ದರೆ ಅಲ್ಲೂ ಕೆಲಸ ಆಗಲ್ಲ. ಮಿಷನ್ ದೋಷ, ಸರ್ವರ್ ದೋಷ ಅಂತ ಅಂಗಡಿಯವರ ಮೇಲೆ ಕೂಗಾಡೋ ಮುಂಚೆ ಲಾಕ್ ಇದೆಯಾ ನೋಡ್ಕೊಳ್ಳಿ. ಮನೆಯಲ್ಲಿ ಮೊಬೈಲ್ ಬಳಸೋಕೆ ಬರದ ಹಿರಿಯರಿದ್ದರೆ, ರೇಷನ್ ತರೋ ದಿನ ಲಾಕ್ ತೆಗೆದು ಕೊಡೋರು ಯಾರು ಅನ್ನೋದನ್ನ ಮೊದಲೇ ಮಾತಾಡ್ಕೊಂಡು ಲಾಕ್ ಹಾಕಿ.

ಲಾಕ್ ಹಾಕಿದ್ರೆ ಗೃಹಲಕ್ಷ್ಮಿ ಹಣ ಬರೋದು ನಿಲ್ಲುತ್ತಾ ಅನ್ನೋದು ಇನ್ನೊಂದು ಪ್ರಶ್ನೆ. ನಿಲ್ಲಲ್ಲ. ಸರ್ಕಾರದ ಹಣ ಖಾತೆಗೆ ಬರೋದು ಆಧಾರ್ ಜೋಡಣೆ ಮೇಲೆ, ಅದಕ್ಕೆ ನಿಮ್ಮ ಬೆರಳು ಬೇಕಿಲ್ಲ.

ಎಇಪಿಎಸ್ ಬಳಸದೇ ಇರೋರು ಇನ್ನೊಂದು ಕೆಲಸ ಮಾಡಬಹುದು. ನಿಮ್ಮ ಬ್ಯಾಂಕ್ ಬ್ರಾಂಚಿಗೆ ಹೋಗಿ, ಎಇಪಿಎಸ್ ಮೂಲಕ ಹಣ ತೆಗೆಯೋದನ್ನ ನಮ್ಮ ಖಾತೆಗೆ ನಿಲ್ಲಿಸಿ ಅಂತ ಲಿಖಿತ ಅರ್ಜಿ ಕೊಟ್ಟು ಕೇಳಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸ್ಕೊಳ್ಳಿ.

ಮೊದಲು ಮೊಬೈಲ್ ನಂಬರ್ ಸರಿ ಇದೆಯಾ ನೋಡಿ

ಮೇಲಿನ ಯಾವುದೇ ಕೆಲಸಕ್ಕೂ ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆ ಆಗಿರಬೇಕು. ಹಳೇ ನಂಬರ್ ಬಿಟ್ಟವರು, ಮಗನ ನಂಬರ್ ಕೊಟ್ಟವರು, ಏಜೆಂಟರ ನಂಬರ್ ಹಾಕಿಸ್ಕೊಂಡವರು ನಮ್ಮಲ್ಲಿ ಬಹಳ. ರೀಚಾರ್ಜ್ ಮಾಡದೆ ಬಂದ್ ಆದ ನಂಬರನ್ನ 90 ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಓಟಿಪಿ, ನಿಮ್ಮ ಬ್ಯಾಂಕ್ ಮೆಸೇಜ್ ಹೋಗೋದು ಅವರ ಮೊಬೈಲ್‌ಗೆ.

ಆಧಾರ್ ಕೇಂದ್ರಕ್ಕೆ ನೀವೇ ಹೋಗಿ ನಂಬರ್ ಬದಲಾಯಿಸಿಕೊಳ್ಳಿ. ಇದಕ್ಕೆ 2025ರ ಅಕ್ಟೋಬರ್ 1ರಿಂದ ಶುಲ್ಕ 75 ರೂಪಾಯಿ. ಅದಕ್ಕಿಂತ ಜಾಸ್ತಿ ಕೇಳಿದರೆ ರಸೀದಿ ಕೇಳಿ, 1947ಕ್ಕೆ ಫೋನ್ ಮಾಡಿ ದೂರು ಕೊಡಿ. ಬ್ಯಾಂಕ್ ಖಾತೆಗೂ ಇದೇ ನಂಬರ್ ಇದೆಯಾ ಅಂತ ಪಾಸ್‌ಬುಕ್ ಹಿಡ್ಕೊಂಡು ಹೋಗಿ ಕೇಳಿ.

ಆಧಾರ್ ಜೆರಾಕ್ಸ್ ಯಾರಿಗೆಲ್ಲ ಕೊಡಬೇಕು?

2022ರ ಮೇ 27ರಂದು ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಜೆರಾಕ್ಸ್ ಯಾರಿಗೂ ಕೊಡಬೇಡಿ, ದುರುಪಯೋಗ ಆಗಬಹುದು, ಕೊಡಲೇಬೇಕಾದರೆ ಮಾಸ್ಕ್ಡ್ ಆಧಾರ್ ಕೊಡಿ ಅಂತ. ಹೋಟೆಲ್, ಸಿನಿಮಾ ಮಂದಿರದಂಥ ಖಾಸಗಿಯವರು ಪರವಾನಗಿ ಇಲ್ಲದೆ ಆಧಾರ್ ಪ್ರತಿ ಇಟ್ಕೊಳ್ಳೋ ಹಾಗಿಲ್ಲ ಅಂತಲೂ ಅದರಲ್ಲಿ ಇತ್ತು. ದೇಶದ ತುಂಬ ಗಲಾಟೆ ಆಯ್ತು. ಎರಡೇ ದಿನಕ್ಕೆ, ಮೇ 29ರಂದು ಕೇಂದ್ರ ಸರ್ಕಾರ ಅದನ್ನ ವಾಪಸ್ ತಗೊಂಡು, ಜನ ಸಾಮಾನ್ಯ ಎಚ್ಚರಿಕೆ ವಹಿಸಿದರೆ ಸಾಕು ಅಂತ ಹೇಳಿತು. ಪ್ರಕಟಣೆ ಹೋಯ್ತು, ಆದರೆ ಮಾಸ್ಕ್ಡ್ ಆಧಾರ್ ಸೌಲಭ್ಯ ಹೋಗಿಲ್ಲ. ಈಗಲೂ ಇದೆ.

ಕೋರ್ಟ್ ಏನು ಹೇಳಿದೆ ಅನ್ನೋದೂ ಗೊತ್ತಿರಲಿ. ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮೊದಲ ಹೆಸರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ಆ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ, ಸರ್ಕಾರದ ಸೌಲಭ್ಯಗಳಿಗೆ ಆಧಾರ್ ಕೇಳಬಹುದು, ಆದರೆ ಸಿಮ್‌ಗೆ, ಬ್ಯಾಂಕ್ ಖಾತೆಗೆ ಕಡ್ಡಾಯ ಮಾಡೋ ಹಾಗಿಲ್ಲ ಅಂತ ಆಯ್ತು. 2019ರಲ್ಲಿ ಕಾನೂನು ತಿದ್ದುಪಡಿ ಮಾಡಿ, ಗ್ರಾಹಕರು ಇಷ್ಟಪಟ್ಟು ಕೊಟ್ಟರೆ ಬಳಸಬಹುದು ಅಂತ ಮಾಡಿದರು.

ಒಟ್ಟಿನಲ್ಲಿ ಲೆಕ್ಕ ಇಷ್ಟು:

- ಸರ್ಕಾರದ ಸಹಾಯಧನ, ರೇಷನ್, ಪಿಂಚಣಿ: ಆಧಾರ್ ಬೇಕು.
- ಪಾನ್ ಕಾರ್ಡ್, ಆದಾಯ ತೆರಿಗೆ: ಬೇಕು.
- ಸಿಮ್, ಸಾಮಾನ್ಯ ಬ್ಯಾಂಕ್ ಖಾತೆ: ವೋಟರ್ ಐಡಿ, ಡಿಎಲ್, ಪಾಸ್‌ಪೋರ್ಟ್ ಕೂಡ ದಾಖಲೆಯೇ.
- ಲಾಡ್ಜ್: ಗುರುತಿನ ಚೀಟಿ ತೋರಿಸಬೇಕು. ಅದು ಆಧಾರೇ ಆಗಬೇಕು ಅಂತಿಲ್ಲ.
- ಲಕ್ಕಿ ಡ್ರಾ, ಮೇಳದ ಸ್ಟಾಲ್, ಬೀದಿಯಲ್ಲಿ ಫಾರಂ ತುಂಬಿಸೋರು: ಕೊಡಲೇಬೇಡಿ.

ಮಾಸ್ಕ್ಡ್ ಆಧಾರ್ ತೆಗೆಯೋದು ಹೇಗೆ?

ಮಾಸ್ಕ್ಡ್ ಆಧಾರ್‌ನಲ್ಲಿ 12 ಅಂಕಿಯಲ್ಲಿ ಮೊದಲ 8 ಕಾಣಲ್ಲ, ಕೊನೆಯ 4 ಮಾತ್ರ ಕಾಣುತ್ತೆ. ಹೆಸರು, ಫೋಟೊ, ವಿಳಾಸ ಎಲ್ಲ ಇರುತ್ತೆ. ಮೈ ಆಧಾರ್ ಪೋರ್ಟಲ್‌ನಲ್ಲಿ ಡೌನ್‌ಲೋಡ್ ಆಧಾರ್ ಒತ್ತಿದಾಗ, ಮಾಸ್ಕ್ಡ್ ಆಧಾರ್ ಬೇಕಾ ಅಂತ ಒಂದು ಚೌಕ ಬರುತ್ತೆ. ಅದಕ್ಕೆ ಟಿಕ್ ಹಾಕಿ ಇಳಿಸ್ಕೊಳ್ಳಿ. ಎರಡು ಮೂರು ಪ್ರತಿ ಪ್ರಿಂಟ್ ತೆಗೆಸಿ ಮನೆಯಲ್ಲಿ ಇಟ್ಕೊಂಡ್ರೆ ಪದೇ ಪದೇ ಓಡಾಡೋದು ತಪ್ಪುತ್ತೆ.

ಆ ಫೈಲಿಗೆ ಪಾಸ್‌ವರ್ಡ್ ಇರುತ್ತೆ: ಇಂಗ್ಲಿಷ್ ದೊಡ್ಡಕ್ಷರದಲ್ಲಿ ಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ ಹುಟ್ಟಿದ ಇಸವಿ. ನಿಮ್ಮನ್ನ ಬಲ್ಲವರು ಯಾರು ಬೇಕಾದರೂ ಊಹಿಸಬಹುದು. ಹಾಗಾಗಿ ಪಾಸ್‌ವರ್ಡ್ ಇದೆ ಅಂತ ಪೂರ್ತಿ ಆಧಾರ್ ಫೈಲನ್ನ ಸಿಕ್ಕ ಸಿಕ್ಕ ಕಡೆ ಕಳಿಸಬೇಡಿ.

ಜೆರಾಕ್ಸ್ ಕೊಡಲೇಬೇಕಾದಾಗ ಅದರ ಮೇಲೆ ಅಡ್ಡಲಾಗಿ, ಬರಹದ ಮೇಲೆ ಬರೋ ಹಾಗೆ, ಯಾವ ಕೆಲಸಕ್ಕೆ, ಯಾವ ಅಂಗಡಿಗೆ, ಯಾವ ದಿನ ಕೊಟ್ಟದ್ದು ಅಂತ ಪೆನ್ನಿನಲ್ಲಿ ಬರೆದು ಸಹಿ ಹಾಕಿ. ಅದನ್ನ ಬೇರೆ ಕೆಲಸಕ್ಕೆ ಬಳಸೋದು ಕಷ್ಟ ಆಗುತ್ತೆ, ನಾಳೆ ಏನಾದರೂ ಆದರೆ ನಿಮಗೆ ಸಾಕ್ಷಿಯೂ ಆಗುತ್ತೆ.

ಹೆಬ್ಬೆಟ್ಟು ಒತ್ತೋವಾಗ

ಮೋಸ ಆಗೋದು ಹೆಚ್ಚಾಗಿ ಇನ್ನೊಂದ್ಸಲ ಒತ್ತಿ ಅನ್ನೋ ಮಾತಿನಲ್ಲಿ. ಮೊದಲ ಸಲಕ್ಕೇ ಹಣ ಕಟ್ ಆಗಿರುತ್ತೆ, ಸರ್ವರ್ ಇಲ್ಲ ಅಂತ ಹೇಳಿ ಮತ್ತೆ ಒತ್ತಿಸ್ತಾರೆ. ಸಿಮ್ ಮಾರೋ ಕಡೆ ಎರಡನೇ ಸಲದ ಹೆಬ್ಬೆಟ್ಟಿಗೆ ನಿಮ್ಮ ಹೆಸರಲ್ಲಿ ಇನ್ನೊಂದು ಸಿಮ್ ಚಾಲೂ ಆಗಿರಬಹುದು. ಎಲ್ಲರೂ ಹೀಗೆ ಅಂತಲ್ಲ. ನಿಜವಾಗಿಯೂ ಸರ್ವರ್ ಕೈ ಕೊಡುತ್ತೆ, ಕೂಲಿ ಕೆಲಸದಲ್ಲಿ ಸವೆದ ಬೆರಳು ಮಿಷನ್‌ಗೆ ಹಿಡಿಯಲ್ಲ. ಆದರೂ ಕೇಳೋದು ನಿಮ್ಮ ಹಕ್ಕು.

- ಮಿಷನ್‌ನಲ್ಲಿ ಎಷ್ಟು ಮೊತ್ತ ಹಾಕಿದಾರೆ ನೋಡಿ, ಆಮೇಲೆ ಬೆರಳಿಡಿ.
- ಆಗಲಿಲ್ಲ ಅಂದ್ರೆ, ಆಗಿಲ್ಲ ಅನ್ನೋ ಚೀಟಿ ಕೊಡಿ ಅಂತ ಕೇಳಿ. ಅದು ಬಂದ ಮೇಲೆ ಎರಡನೇ ಸಲ ಒತ್ತಿ.
- ಹಣ ತಗೊಂಡ ಮೇಲೆ ರಸೀದಿ ತಗೊಳ್ಳಿ, ಖಾತೆಯಲ್ಲಿ ಉಳಿದ ಮೊತ್ತ ಓದಿಸ್ಕೊಳ್ಳಿ.
- ಹಣ ಕೈಗೆ ಬರದೆ ಖಾತೆಯಿಂದ ಕಟ್ ಆದರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ 5 ದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನೋದನ್ನೂ ನೋಡಬಹುದು. ಮೈ ಆಧಾರ್ ಪೋರ್ಟಲ್‌ನಲ್ಲಿ ಅಥೆಂಟಿಕೇಶನ್ ಹಿಸ್ಟರಿ ಒತ್ತಿದರೆ ಹಿಂದಿನ 6 ತಿಂಗಳ ಪಟ್ಟಿ ಬರುತ್ತೆ, ಒಂದು ಸಲಕ್ಕೆ 50ರವರೆಗೆ. ನೀವು ಊರಲ್ಲೇ ಇದ್ದ ದಿನ ಗೊತ್ತಿಲ್ಲದ ಸಂಸ್ಥೆ ಬೆರಳಚ್ಚು ಪರೀಕ್ಷೆ ಮಾಡಿದ್ದು ಕಂಡರೆ ತಕ್ಷಣ ಲಾಕ್ ಹಾಕಿ, 1947ಕ್ಕೆ ತಿಳಿಸಿ.

ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ನೋಡೋಕೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ಇದೆ. ನಂಬರ್ ಹಾಕಿ ಓಟಿಪಿ ಕೊಟ್ಟರೆ ಪಟ್ಟಿ ಬರುತ್ತೆ. ನಿಮ್ಮದಲ್ಲದ ನಂಬರ್ ಇದ್ದರೆ ಅಲ್ಲೇ ನನ್ನದಲ್ಲ ಅಂತ ಒತ್ತಬಹುದು. ನಮ್ಮ ರಾಜ್ಯದಲ್ಲಿ ಒಬ್ಬರ ಹೆಸರಲ್ಲಿ ಹೆಚ್ಚೆಂದರೆ 9 ಸಿಮ್ ಇರಬಹುದು.

ಜೆರಾಕ್ಸ್ ಅಂಗಡಿ, ವಾಟ್ಸಾಪ್, ರಿಪೇರಿ

ಈಗ ಪ್ರಿಂಟ್ ಬೇಕು ಅಂದ್ರೆ ಎಲ್ಲರೂ ಮಾಡೋದು, ಅಂಗಡಿಯ ವಾಟ್ಸಾಪ್ ನಂಬರ್‌ಗೆ ಫೈಲ್ ಕಳಿಸೋದು. ಆಧಾರ್, ಪಾಸ್‌ಬುಕ್, ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡ್, ಎಲ್ಲ ಆ ಕಂಪ್ಯೂಟರ್‌ನಲ್ಲಿ ಇಳಿದು ಕೂರುತ್ತೆ. ಪ್ರಿಂಟ್ ಆದ ಮೇಲೆ ನಿಮ್ಮ ಎದುರಿಗೇ ಅಳಿಸೋಕೆ ಹೇಳಿ. ನೀವು ಕಳಿಸಿದ ಮೆಸೇಜನ್ನ ಎಲ್ಲರಿಗೂ ಡಿಲೀಟ್ ಅಂತ ಒತ್ತಿ. ಕಂಪ್ಯೂಟರ್‌ಗೆ ಇಳಿದ ಪ್ರತಿ ಅದರಿಂದ ಹೋಗಲ್ಲ, ಹಾಗಾಗಿ ಎರಡೂ ಮಾಡಿಸಿ.

ಕೆಲವರು ಅಂಗಡಿ ಕಂಪ್ಯೂಟರ್‌ನಲ್ಲಿ ತಮ್ಮ ವಾಟ್ಸಾಪ್ ತೆಗೆದು ಹಾಗೇ ಬಿಟ್ಟು ಬರ್ತಾರೆ. ನಿಮ್ಮ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ಅನ್ನೋ ಜಾಗ ತೆಗೆದು ನೋಡಿ. ಗೊತ್ತಿಲ್ಲದ ಕಂಪ್ಯೂಟರ್ ಹೆಸರಿದ್ದರೆ ಲಾಗ್ ಔಟ್ ಮಾಡಿ.

ಮೊಬೈಲ್ ರಿಪೇರಿಗೆ ಕೊಡೋವಾಗ ಸಿಮ್, ಮೆಮೊರಿ ಕಾರ್ಡ್ ತೆಗೆದು ಕೊಡಿ. ಬರೀ ಗ್ಲಾಸ್ ಬದಲಾಯಿಸೋಕೆ ಲಾಕ್ ನಂಬರ್ ಯಾಕೆ ಬೇಕು ಅಂತ ಕೇಳಿ.

ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಅಂತ ಹೆಸರಿಟ್ಟು ಎಪಿಕೆ ಫೈಲ್ ಬಂದರೆ ಒತ್ತಲೇಬೇಡಿ. ಪರಿಚಯದವರ ನಂಬರ್‌ನಿಂದ ಬಂದರೂ ಅಷ್ಟೇ, ಅವರ ಮೊಬೈಲೇ ವಂಚಕರ ಕೈಯಲ್ಲಿರಬಹುದು. ಕರೆಯೋಲೆ ಬರೋದು ಫೋಟೊ ಆಗಿ ಇಲ್ಲ ಪಿಡಿಎಫ್ ಆಗಿ. ಎಪಿಕೆ ಅಂದ್ರೆ ಅದೊಂದು ಆ್ಯಪ್, ಒಳಗೆ ಸೇರಿದರೆ ನಿಮ್ಮ ಮೆಸೇಜ್ ಓದಿ ಓಟಿಪಿ ಆಚೆ ಕಳಿಸುತ್ತೆ.

ಅಂಗಡಿಯವರಿಗೆ

ಗ್ರಾಹಕರ ಮಾಹಿತಿ ನಿಮ್ಮ ಹತ್ರ ಇದ್ದಷ್ಟೂ ಅದರ ಭಾರ ನಿಮ್ಮ ಮೇಲೇ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಆಗಿದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಕಟ್ಟಳೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದಾರೆ, ಅಂದ್ರೆ 2027ರ ಮೇ ತಿಂಗಳು.

ಈ ಕಾಯ್ದೆ ಸಾಲದ ನೋಟ್‌ಬುಕ್ಕಿಗೆ ಬರಲ್ಲ. ಅದೇ ಲೆಕ್ಕ ಮೊಬೈಲ್ ಆ್ಯಪ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಇದ್ದರೆ, ಕಾಗದದ್ದನ್ನ ಸ್ಕ್ಯಾನ್ ಮಾಡಿ ಇಟ್ಟರೆ ಬರುತ್ತೆ. ಸಾರಾಂಶ ಇಷ್ಟೇ: ಯಾಕೆ ತಗೊಳ್ತಿದೀವಿ ಅಂತ ಹೇಳಿ ತಗೊಳ್ಳಬೇಕು, ಹೇಳಿದ ಕೆಲಸಕ್ಕೆ ಮಾತ್ರ ಬಳಸಬೇಕು, ಜೋಪಾನವಾಗಿ ಇಡಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. ಮಾಹಿತಿ ಕಾಪಾಡದೆ ಸೋರಿಕೆ ಆದರೆ ಕಾಯ್ದೆಯಲ್ಲಿ ಇರೋ ಗರಿಷ್ಠ ದಂಡ 250 ಕೋಟಿ ರೂಪಾಯಿ. ಚಿಕ್ಕ ಅಂಗಡಿಗೆ ಅಷ್ಟು ಹಾಕ್ತಾರೆ ಅಂತ ಹೆದರಬೇಕಿಲ್ಲ, ದಂಡ ಹಾಕೋವಾಗ ತಪ್ಪು ಎಷ್ಟು ದೊಡ್ಡದು ಅಂತ ನೋಡ್ತಾರೆ. ಆದರೆ ರೂಢಿ ಈಗಿನಿಂದಲೇ ಆಗಲಿ.

- ಬಿಲ್ಲಿಗೆ ಮೊಬೈಲ್ ನಂಬರ್ ಕೊಡಲೇಬೇಕು ಅಂತ ಹಟ ಹಿಡಿಯಬೇಡಿ. 2023ರ ಮೇ ತಿಂಗಳಲ್ಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ವ್ಯಾಪಾರಿಗಳಿಗೆ ಈ ಸೂಚನೆ ಕೊಟ್ಟಿದೆ.
- ಲಾಡ್ಜ್‌ನವರು ಗುರುತಿನ ಚೀಟಿಗಳ ಫೋಟೊವನ್ನ ಸ್ವಂತ ಮೊಬೈಲ್ ಗ್ಯಾಲರಿಯಲ್ಲಿ ಇಟ್ಕೊಳ್ಳಬೇಡಿ.
- ಜೆರಾಕ್ಸ್ ಅಂಗಡಿಯವರು ಬಾಗಿಲು ಹಾಕೋ ಮುಂಚೆ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡಿ.
- ಹಾಳಾದ ಜೆರಾಕ್ಸ್ ಪ್ರತಿಗಳನ್ನ ಬೋಂಡ, ಕಡಲೆಕಾಯಿ ಪೊಟ್ಟಣಕ್ಕೆ ಕೊಡಬೇಡಿ. ಹರಿದು ಹಾಕಿ.
- ಕೆಲಸದ ಹುಡುಗರು ಬದಲಾದಾಗ ಕಂಪ್ಯೂಟರ್, ಬಿಲ್ಲಿಂಗ್ ಆ್ಯಪ್ ಪಾಸ್‌ವರ್ಡ್ ಬದಲಾಯಿಸಿ.
- ಕ್ಯೂಆರ್ ಸ್ಟಿಕರ್ ಮೇಲೆ ಬೇರೆ ಸ್ಟಿಕರ್ ಅಂಟಿಸಿದಾರಾ ಅಂತ ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ನೋಡಿ.

ಎಇಪಿಎಸ್ ಮಿಷನ್ ಇಟ್ಟವರಿಗೆ ಇನ್ನೊಂದು ಮಾತು. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನ 2026ರ ಜನವರಿ 1ರಿಂದ ಜಾರಿಯಲ್ಲಿದೆ. ಮಿಷನ್ ನಡೆಸೋರ ಪೂರ್ತಿ ಕೆವೈಸಿ ಬ್ಯಾಂಕ್ ಮಾಡಬೇಕು, ಮೂರು ತಿಂಗಳು ಸತತ ಬಳಸದಿದ್ದರೆ ಮತ್ತೆ ಕೆವೈಸಿ ಆಗಬೇಕು. ನಿಮ್ಮ ಐಡಿಯನ್ನ ಸ್ನೇಹಿತರಿಗೆ ಬಳಸೋಕೆ ಕೊಟ್ಟರೆ, ಅವರು ಮಾಡಿದ್ದಕ್ಕೆ ಪೊಲೀಸರು ಬರೋದು ನಿಮ್ಮ ಅಂಗಡಿಗೆ.

ಹಣ ಹೋಗಿಬಿಟ್ಟರೆ

ಇಲ್ಲಿ ಗಂಟೆ ಲೆಕ್ಕ. ನಾಚಿಕೆ ಪಟ್ಕೊಂಡು ಮನೆಯಲ್ಲಿ ಮುಚ್ಚಿಟ್ಟಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗಿ ಕೈಗೆ ಸಿಗದಂತಾಗುತ್ತೆ.

1. ಮೊದಲು 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ ಇದು. ಹಣ ಹೋದ ಖಾತೆಯನ್ನ ತಡೆಹಿಡಿಯೋ ಪ್ರಯತ್ನ ಇಲ್ಲಿಂದ ಶುರುವಾಗುತ್ತೆ.
2. ಬ್ಯಾಂಕಿಗೆ ತಿಳಿಸಿ, ದೂರಿನ ನಂಬರ್ ಬರೆದುಕೊಳ್ಳಿ. ಬಯೋಮೆಟ್ರಿಕ್ ಲಾಕ್ ಹಾಕಿ.
3. ಜಿಲ್ಲೆಯ ಸಿಇಎನ್ ಠಾಣೆಗೆ ಇಲ್ಲವೇ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ. ಪಾಸ್‌ಬುಕ್, ಬಂದ ಮೆಸೇಜ್, ರಸೀದಿ ತಗೊಂಡು ಹೋಗಿ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗೊತ್ತಿದ್ದರೆ ಬ್ರಾಂಚಿನಲ್ಲಿ ಧೈರ್ಯವಾಗಿ ಮಾತಾಡಬಹುದು. ನಿಮ್ಮದೂ ಬ್ಯಾಂಕಿಂದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದರೆ, ಬ್ಯಾಂಕಿನ ಮೆಸೇಜ್ ಬಂದ ಮೇಲೆ 3 ಕೆಲಸದ ದಿನದೊಳಗೆ ದೂರು ಕೊಟ್ಟರೆ ನಷ್ಟ ನಿಮ್ಮದಲ್ಲ. 4ರಿಂದ 7 ದಿನ ಆದರೆ ನಿಮ್ಮ ಪಾಲಿನ ನಷ್ಟಕ್ಕೆ ಮಿತಿ ಇದೆ: ಬೇಸಿಕ್ ಉಳಿತಾಯ ಖಾತೆಗೆ 5,000, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿ. ದೂರು ಕೊಟ್ಟ 10 ಕೆಲಸದ ದಿನದಲ್ಲಿ ಬ್ಯಾಂಕ್ ಆ ಮೊತ್ತವನ್ನ ತಾತ್ಕಾಲಿಕವಾಗಿ ಜಮಾ ತೋರಿಸಬೇಕು, 90 ದಿನದಲ್ಲಿ ದೂರು ತೀರ್ಮಾನ ಆಗಬೇಕು. ತಪ್ಪು ಗ್ರಾಹಕರದ್ದು ಅಂತ ಸಾಬೀತು ಮಾಡೋ ಹೊಣೆ ಬ್ಯಾಂಕಿನದು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಡಿಸೆಂಬರ್‌ನಲ್ಲಿ ಇಂಥದೇ ಸುತ್ತೋಲೆ ಬಂದಿದೆ. ಆದರೆ ನೀವೇ ಓಟಿಪಿ ಹೇಳಿದ್ದರೆ, ದೂರು ಕೊಡೋವರೆಗಿನ ನಷ್ಟ ನಿಮ್ಮದೇ.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಅನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಬರೆದಿಟ್ಟುಕೊಳ್ಳಬೇಕಾದ ನಂಬರ್‌ಗಳು

- 1930: ಆನ್‌ಲೈನ್ ವಂಚನೆಯಲ್ಲಿ ಹಣ ಹೋದಾಗ
- 1947: ಆಧಾರ್ ಮಾಹಿತಿ, ದೂರು
- 14448: ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಮಾಹಿತಿ
- 112: ಪೊಲೀಸ್ ತುರ್ತು ಕರೆ

ಇಷ್ಟೆಲ್ಲ ಒಂದೇ ದಿನ ಮಾಡೋಕಾಗದಿದ್ದರೆ ಈ ಭಾನುವಾರ ಒಂದೇ ಕೆಲಸ ಮಾಡಿ. ಮನೆಯ ಹಿರಿಯರ ಆಧಾರ್‌ಗೂ ಬ್ಯಾಂಕ್ ಖಾತೆಗೂ ಯಾವ ಮೊಬೈಲ್ ನಂಬರ್ ಇದೆ ಅಂತ ನೋಡಿ. ಪಿಂಚಣಿ ಹಣದ ಮೆಸೇಜ್ ಯಾರ ಮೊಬೈಲ್‌ಗೆ ಹೋಗ್ತಿದೆ ಅನ್ನೋದು ಗೊತ್ತಾದ್ರೆ, ಉಳಿದ ಕೆಲಸ ಎಲ್ಲಿಂದ ಶುರು ಮಾಡಬೇಕು ಅನ್ನೋದೂ ಗೊತ್ತಾಗುತ್ತೆ.